ಹೊಳಲ್ಕೆರೆ ಸೀಮೆಯ ಹಗುರ ಬೈಗುಳಗಳು

ಕೆಟ್ಟ ಮೋಟರು, ತಪ್ಪಿಹೋದ ಬಸ್ಸು, ಹಗ್ಗ ಕಿತ್ತುಕೊಂಡ ಎಮ್ಮೆ, ಕತ್ತಲಲ್ಲಿ ಕಾಲಿಗೆ ತಗುಲಿದ ಹೊಸ್ತಿಲು ಇಂಥವುಗಳ ಮೇಲೆ ಬೇಸರ ತೀರಿಸಿಕೊಳ್ಳಲು ಜನ ಆಡುವ, ಕೇಳಿದವರು ಜಗಳಕ್ಕೆ ನಿಲ್ಲದ ಮಾತುಗಳು. ಕನ್ನಡದಲ್ಲಿ ಇವಕ್ಕೆ ಬೇರೆ ಹೆಸರಿಲ್ಲ. ಬೈಗುಳ ಎಂಬ ಒಂದೇ ಚೀಲದಲ್ಲಿ ಇವೂ ಇವೆ, ತಲೆ ಒಡೆಸುವಂಥವೂ ಇವೆ. ಆದರೆ ಆಡುವವರಿಗೆ ಎರಡರ ನಡುವಿನ ಬದು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಮಾತನ್ನು ಮುಂದಿಟ್ಟುಕೊಂಡು, ಬೇಕಾದಲ್ಲಿ ನಾಡಿನ ಉಳಿದ ಕಡೆಗೂ ಕಿವಿಗೊಟ್ಟು, ಈ ಹಗುರ ಬೈಗುಳಗಳು ಯಾವುದರಿಂದ ಆಗಿವೆ, ಹೇಗೆ ಹಗುರಾಗುತ್ತವೆ ಎಂಬುದನ್ನು ಇಲ್ಲಿ ನೋಡಲಾಗಿದೆ. ನಿಜಕ್ಕೂ ಹೊಲಸಾದ ಮಾತುಗಳನ್ನು ಇಲ್ಲಿ ಪಟ್ಟಿ ಮಾಡಿಲ್ಲ. ಅವನ್ನು ಯಾರೂ ವಿಶ್ವಕೋಶ ನೋಡಿ ಕಲಿಯುವುದಿಲ್ಲ.

ಹೊಳಲ್ಕೆರೆ ಹಲವು ಮಾತಿನ ದಾರಿಗಳು ಕೂಡುವ ಜಾಗ. ಪಡುವಲಿಗೆ ಚನ್ನಗಿರಿ, ಶಿವಮೊಗ್ಗಗಳ ಅರೆಮಲೆನಾಡು. ಬಡಗಲಿಗೆ 1997ರವರೆಗೂ ಇದೇ ಜಿಲ್ಲೆಯೊಳಗಿದ್ದ ದಾವಣಗೆರೆ. ಮೂಡಲಿಗೆ ಚಿತ್ರದುರ್ಗ ದಾಟಿದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ತೆಲುಗು. ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ತಡವಾದ ಹೊತ್ತು ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ನಡೆದು ಹೋದರೆ ಒಂದೇ ಬೇಸರವನ್ನು ಮೂರು ನಾಲ್ಕು ನಮೂನೆಯಲ್ಲಿ ಕೇಳಬಹುದು. ಮೈಸೂರು ಕಡೆ ಹೆಚ್ಚಾಗಿ ಹೆಂಗಸರಿಗೆ ಹೇಳುವ ‘ಲೇ’ ಇಲ್ಲಿ ಗೆಳೆಯನಿಗೂ ಸಲ್ಲುತ್ತದೆ: ‘ಏನಲೇ’, ‘ಬಾರಲೇ’, ‘ಹೋಗಲೇ ಸಾಕು’. ಮೈಸೂರಿನ ಕಿವಿಗೆ ಇದೇ ಒಂದು ಬೈಗುಳ, ಇಲ್ಲಿಯವರಿಗೆ ಸಲಿಗೆ. ಬೈಗುಳದ ತೂಕ ಪದದಲ್ಲಿಲ್ಲ, ಊರಿನಲ್ಲಿದೆ ಎನ್ನುವುದಕ್ಕೆ ಇದೇ ಸಾಕ್ಷಿ.

ಪದ ಮತ್ತು ಉದ್ಗಾರ

‘ಬಯ್’ ಹಳೆಯ ದ್ರಾವಿಡ ಧಾತು, ತಮಿಳಿನ ‘ವೈ’ ಅದರ ಒಡಹುಟ್ಟು. ಕನ್ನಡಿಗರು ಬೈಗುಳವನ್ನು ‘ತಿನ್ನುತ್ತಾರೆ’, ಏಟನ್ನು ತಿಂದ ಹಾಗೆಯೇ. ಗದರುವುದು, ರೇಗುವುದು, ಬೈಯುವುದು, ಉಗಿಯುವುದು, ಶಪಿಸುವುದು ಎಂದು ಮೆಟ್ಟಿಲುಗಳಿವೆ. ‘ಉಗಿ’ ಎಂದರೆ ಮೂಲದಲ್ಲಿ ಎಂಜಲು ಉಗುಳುವುದೇ. ‘ಥೂ’ ಎಂಬುದು ಆ ಉಗುಳಿನ ಸದ್ದು, ಎಂಜಲು ಕಳೆದು ಸದ್ದು ಮಾತ್ರ ಉಳಿದದ್ದು. ‘ಛೇ’ ತನಗೆ ತಾನೇ ಹೇಳಿಕೊಳ್ಳುವ ಮಾತು, ಅದಕ್ಕೆ ಎದುರಾಳಿ ಬೇಕಿಲ್ಲ. ‘ಛೀ’ಗೆ ಎದುರಿನಲ್ಲಿ ಏನಾದರೂ ಅಸಹ್ಯವಾದದ್ದು ಇರಲೇಬೇಕು. ಈ ಪುಟ್ಟ ‘ಛೀ’ ಬೆಳೆದು ‘ಛೀಮಾರಿ’ಯಾಗಿ ನ್ಯಾಯಾಲಯದ ವರದಿಗಳ ಶೀರ್ಷಿಕೆಯಲ್ಲಿ ಕೂತಿದೆ. ನ್ಯಾಯಮೂರ್ತಿಗಳು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರೆ ಪತ್ರಿಕೆಗಳು ‘ಛೀಮಾರಿ’ ಎಂದೇ ಬರೆಯುತ್ತವೆ. ‘ಅಯ್ಯೋ’ ಬೈಗುಳವಲ್ಲ, ಆದರೆ ಎಲ್ಲ ಬೈಗುಳಗಳಿಗೂ ಬಾಗಿಲು ತೆಗೆಯುವುದು ಅದೇ. ತಮಿಳು, ಮಲಯಾಳ, ತೆಲುಗು, ಸಿಂಹಳಗಳಿಗೂ ಸೇರಿದ ಈ ಕೂಗು 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನೂ ಹೊಕ್ಕಿತು.

ಇಲ್ಲಿನ ಹೆಂಗಸರಲ್ಲಿ ‘ಯವ್ವಾ’, ಗಂಡಸರಲ್ಲಿ ‘ಯಪ್ಪಾ’, ಇಬ್ಬರಲ್ಲೂ ‘ಶಿವನೇ’. ದುಡ್ಡು ಕೈಬಿಟ್ಟು ಹೋದರೆ ‘ಗೋವಿಂದ’. ದೇವರ ಹೆಸರು ಇಲ್ಲಿ ಸಾಮಾನ್ಯವಾಗಿ ಬೈಗುಳಕ್ಕೆ ಬರುವುದಿಲ್ಲ, ನಿಟ್ಟುಸಿರಿಗೆ ಬರುತ್ತದೆ. ಈ ಮಾತಿಗೆ ಮುಂದೆ ಮತ್ತೆ ಬರಬೇಕಿದೆ.

ಹಾಳು, ಮನೆ, ದೀಪ

ಈ ಸೀಮೆಯ ಹಗುರ ಬೈಗುಳಗಳ ದೊಡ್ಡ ಪಾಲು ‘ಹಾಳು’ ಎಂಬ ಒಂದು ಪದದ ಮೇಲೆ ನಿಂತಿದೆ. ‘ಹಾಳಾದ್ದು’, ‘ಹಾಳಾದೋನು’, ‘ಹಾಳಾಗಿ ಹೋಗ್ಲಿ’, ‘ಹಾಳ್ಬಿದ್ದು ಹೋಗ್ಲಿ’, ‘ಮನೆಹಾಳ’, ‘ನಿನ್ ಮನೆ ಹಾಳಾಗ’. ಹಳಗನ್ನಡದಲ್ಲಿ ಇದು ‘ಪಾೞ್’. ತಮಿಳಿನಲ್ಲಿ ಇಂದಿಗೂ ‘ಪಾೞ್’, ತೆಲುಗಿನಲ್ಲಿ ‘ಪಾಡು’. ಚಳ್ಳಕೆರೆಯ ಆಚೆ ತೆಲುಗಿನವರು ‘ನೀ ಇಲ್ಲು ಪಾಡುಗಾನು’ ಎಂದು ಬೈದರೆ ಅದು ‘ನಿನ್ ಮನೆ ಹಾಳಾಗ’ ಎಂಬುದರ ಪಡಿಯಚ್ಚು. ಯಾರಿಂದ ಯಾರು ಕಲಿತರು ಎಂದು ಕೇಳುವಂತಿಲ್ಲ, ಎರಡೂ ಒಂದೇ ಬೇರಿನವು.

ಇಂದಿನವರಿಗೆ ‘ಹಾಳು’ ಎಂದರೆ ಕೆಟ್ಟದ್ದು ಎಂದಷ್ಟೇ. ಹಿಂದಿನವರಿಗೆ ಅದು ಕಣ್ಣಿಗೆ ಕಾಣುತ್ತಿದ್ದ ಜಾಗ. ಬಯಲುಸೀಮೆಯಲ್ಲಿ ಜನ ಬಿಟ್ಟು ಹೋದ ಊರುಗಳು ಹೊಸತಲ್ಲ. ಒಂದು ಹಳೆ ಗುಡಿ, ನಾಲ್ಕು ವೀರಗಲ್ಲು, ಗೋಡೆಯ ಬುಡ, ನಡುವೆ ಎದ್ದ ಎಕ್ಕದ ಗಿಡ. 1876–78ರ ಬರದಲ್ಲಿ, ಜನ ‘ಧಾತು ಈಶ್ವರದ ಬರ’ ಎಂದು ನೆನೆಯುವ ಬರದಲ್ಲಿ, ಮೈಸೂರು ಸಂಸ್ಥಾನ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. ಮನೆ ಹಾಳಾಗುವುದು ಎಂದರೇನೆಂದು ಯಾರಿಗೂ ವಿವರಿಸಬೇಕಿರಲಿಲ್ಲ. ಹಳೇ ಮೈಸೂರು ಕಡೆ ಬಳಕೆಯಲ್ಲಿರುವ ‘ಎಕ್ಕುಟ್ಟೋಗ’ ಎಂಬ ಬೈಗುಳವನ್ನು ಎಕ್ಕ ಹುಟ್ಟಿ ಹೋಗಲಿ ಎಂದೇ ಬಿಡಿಸುತ್ತಾರೆ: ನೀನು ಒಲೆ ಹಚ್ಚುವ ಜಾಗದಲ್ಲಿ ಎಕ್ಕದ ಗಿಡ ಏಳಲಿ. ಗೂಬೆಯೂ ಹಾಳುಮನೆಯ ಹಕ್ಕಿ ಎಂದೇ ಹೆಸರಾದದ್ದು. ಈಗ ‘ಗೂಬೆ’ ಎಂದರೆ ಬರೀ ಪೆದ್ದ.

ಕಂದಾಯ ಇಲಾಖೆಯ ದಾಖಲೆಗಳಲ್ಲಿ ಜನವಸತಿಯಿಲ್ಲದ ಹಳ್ಳಿಯನ್ನು ‘ಬೇಚಿರಾಕ್ ಗ್ರಾಮ’ ಎಂದು ಬರೆಯುತ್ತಾರೆ. ಪಾರಸಿಯ ‘ಚಿರಾಗ್’ ಎಂದರೆ ದೀಪ, ‘ಬೇ’ ಎಂದರೆ ಇಲ್ಲದ: ದೀಪವಿಲ್ಲದ ಊರು. ಇದೇ ‘ಬೇ’ಯನ್ನು ಹೊತ್ತ ಇನ್ನೊಂದು ಪದ ‘ಬೇವಾರಸು’, ವಾರಸುದಾರರಿಲ್ಲದ್ದು. ಬಿಜಾಪುರದ ಆದಿಲಶಾಹಿಗಳು, ಶಿರಾದಲ್ಲಿ ಕೂತ ಮೊಗಲ್ ಸುಬೇದಾರರು, 1779ರಲ್ಲಿ ಚಿತ್ರದುರ್ಗವನ್ನು ಮದಕರಿ ನಾಯಕನಿಂದ ಕಿತ್ತುಕೊಂಡ ಹೈದರಾಲಿ, ಇವರೆಲ್ಲರ ಕಚೇರಿಗಳ ಮೂಲಕ ಇಂಥ ಪಾರಸಿ ಮಾತು ಊರೊಳಗೆ ಬಂತು. ‘ಬೇಚಿರಾಕ್’ ಕಡತದಲ್ಲೇ ಉಳಿದು ಮರ್ಯಾದೆ ಕಾಪಾಡಿಕೊಂಡಿತು. ‘ಬೇವಾರಸು’ ಬೀದಿಗೆ ಇಳಿದು ‘ಬೇವರ್ಸಿ’ ಆಯಿತು. ದಿಕ್ಕಿಲ್ಲದ ಹೆಣಕ್ಕೂ ಯಾರೂ ಕೇಳದ ಆಸ್ತಿಗೂ ಬರೆಯುತ್ತಿದ್ದ ಪದವನ್ನು ಈಗ ಸಾಲ ತೀರಿಸದ ಗೆಳೆಯನಿಗೆ ಹೇಳುತ್ತಾರೆ. ಹಗುರ, ಬಿರುಸು ಎರಡರ ನಡುವೆ ತೂಗುವ ಮಾತಿದು. ನಗುತ್ತ ಹೇಳಿದರೆ ಸಲ್ಲುತ್ತದೆ, ಅಪ್ಪ ಎದುರಿಗಿರುವಾಗ ಮಗನಿಗೆ ಹೇಳಿದರೆ ಸಲ್ಲುವುದಿಲ್ಲ. ವಾರಸು ಪ್ರಶ್ನೆಗೆ ಬರುವುದು ಆಗಲೇ ತಾನೆ.

ದೀಪ ಆರಿದ ಮನೆಗೆ ಬಂದು ಕೂರುವವಳು ‘ಮೂದೇವಿ’. ಲಕ್ಷ್ಮಿಯ ಅಕ್ಕ ಜ್ಯೇಷ್ಠೆ. ತಮಿಳಿನಲ್ಲಿ ‘ಮೂ’ ಎಂದರೆ ಹಿರಿಯ. ಪಲ್ಲವರ ಕಾಲದಲ್ಲಿ ಕಲ್ಲಿನಲ್ಲಿ ಮೂರ್ತಿಯಾಗಿ ಪೂಜೆ ಪಡೆದವಳು ಕನ್ನಡದ ಅಡುಗೆಮನೆಯಲ್ಲಿ ಹೊತ್ತು ಮೂಡಿದ ಮೇಲೂ ಮಲಗಿರುವ ಮಕ್ಕಳನ್ನು ಎಬ್ಬಿಸುವ ಬೈಗುಳವಾಗಿದ್ದಾಳೆ. ‘ದರಿದ್ರ’, ‘ಶನಿ’, ‘ಪೀಡೆ’, ‘ಅನಿಷ್ಟ’ ಎಲ್ಲವೂ ಇದೇ ಬಳಗದವು, ಮನೆಯೊಳಗೆ ಕಾಲಿಡಬಾರದವು. ‘ಏನ್ ಸುಡುಗಾಡೋ’ ಎಂಬುದು ಇನ್ನೊಂದು ಹೆಜ್ಜೆ ಮುಂದೆ, ನೇರ ಊರಾಚೆಗೇ ಹೋಗುತ್ತದೆ. ಹಾಗೆಂದು ಅದರಲ್ಲಿ ಸಾವಿನ ಭಯವೇನೂ ಇಲ್ಲ; ‘ಅದೇನ್ ಸುಡುಗಾಡೋ ನನಗೊತ್ತಿಲ್ಲ’ ಎಂದರೆ ಆ ವಿಷಯ ತನಗೆ ಬೇಡ ಎಂದಷ್ಟೇ ಅರ್ಥ.

ಈ ಮಾತುಗಳ ವ್ಯಾಕರಣವನ್ನೂ ನೋಡಬೇಕು. ‘ಹಾಳಾಗಲಿ’ ಎನ್ನುವಲ್ಲಿ ‘ಹಾಳಾಗ’, ‘ಬೀಳಲಿ’ ಎನ್ನುವಲ್ಲಿ ‘ಬೀಳ’, ‘ಹಾಕಲಿ’ ಎನ್ನುವಲ್ಲಿ ‘ಹಾಕ’: ‘ನಿನ್ ಬಾಯಿಗೆ ಮಣ್ಣು ಬೀಳ’, ‘ನಿನ್ ಮುಖಕ್ಕೆ ಬೆಂಕಿ ಹಾಕ’, ‘ನಿನ್ ಕೈ ಸೇದಿ ಹೋಗ’. ಈ ಮೊಟಕು ರೂಪ ಹೆಚ್ಚಾಗಿ ಕೇಳಿಬರುವುದು ಶಾಪದಲ್ಲೇ. ‘ಮನೆ ಹಾಳಾಗಲಿ’ ಎಂದು ಪೂರ್ತಿ ಹೇಳಿದರೆ ಯೋಚಿಸಿ ಹೇಳಿದ ಹಾಗೆ, ನಿಜಕ್ಕೂ ಕೆಡುಕು ಬಯಸಿದ ಹಾಗೆ ಕೇಳುತ್ತದೆ. ‘ಮನೆ ಹಾಳಾಗ’ ಎಂಬುದು ಬಾಯಿ ತಪ್ಪಿದ ಮಾತು. ಅದರಲ್ಲಿ ಮೆಚ್ಚುಗೆಯೂ ಇರಬಹುದು: ‘ನಿನ್ ಮನೆ ಹಾಳಾಗ, ಎಷ್ಟು ಚಂದ ಕತೆ ಹೇಳ್ತೀಯಲೇ!’ ಇದೇ ಸೀಮೆಯಲ್ಲಿ ಒಂದು ಹರಕೆಯ ಮಾತು ಮಠದ ಹೆಸರೇ ಆಗಿದೆ. ಮರುಳಸಿದ್ಧರು ಶಿಷ್ಯನಿಗೆ ‘ತರಳಾ, ಬಾಳು’ ಎಂದು ಹರಸಿದ್ದರಿಂದ ತರಳಬಾಳು ಎಂಬ ಹೆಸರು ಬಂತೆಂದು ಸಿರಿಗೆರೆಯ ಮಠದ ಪರಂಪರೆ ಹೇಳುತ್ತದೆ. ಬಾಳು, ಹಾಳು: ಹರಕೆಗೂ ಶಾಪಕ್ಕೂ ನಡುವೆ ಒಂದೇ ಅಕ್ಷರ. ಪ್ರಾಸಕ್ಕಾಗಿ ಯಾರೋ ಕಟ್ಟಿದ್ದಲ್ಲ, ಭಾಷೆಯೇ ಹಾಗೆ ಇಟ್ಟಿದೆ.

ಅವ್ವನಿಂದ ಅಜ್ಜಿಗೆ

ಹೊಲಕ್ಕೆ ನೀರು ಬಿಡಲು ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾದು ಕೂತವನು, ಬಂದ ಕರೆಂಟು ಹತ್ತು ನಿಮಿಷಕ್ಕೆ ಹೋದಾಗ ಹೇಳುವ ಮಾತು: ‘ಥೂ ಇದ್ರೌನ್, ಮತ್ತೆ ಹೋತಲೇ!’ ‘ಇದ್ರೌನ್’ ಎಂದರೆ ಇದರ ಅವ್ವನ. ಅವ್ವನ ಏನು? ಅದನ್ನು ಹೇಳುವುದಿಲ್ಲ. ಷಷ್ಠಿ ವಿಭಕ್ತಿ ಹಚ್ಚಿ, ಮುಂದೆ ಬರಬೇಕಾದ ನಾಮಪದವನ್ನು ನುಂಗಿಬಿಡುವುದು. ದಾವಣಗೆರೆ, ಹುಬ್ಬಳ್ಳಿ ಕಡೆಯ ‘ಅವನೌನ್’ ಇದೇ. ಹಿಂದಿಯಿಂದ ಬಂದ ‘ಥತ್ತೇರಿಕೆ’ಯದೂ ಅದೇ ಕಸುಬು: ಅಲ್ಲಿನ ‘ಕೀ’ ಯಾವ ಸ್ತ್ರೀಲಿಂಗ ನಾಮಪದಕ್ಕೆ ಕಾದು ನಿಂತಿದೆಯೋ ಆ ಪದ ಎಂದೂ ಬರುವುದಿಲ್ಲ. ಕನ್ನಡದ ಮಕ್ಕಳು ‘ಥತ್ತೇರಿಕೆ’ ಅನ್ನುವಾಗ ಅದರ ಬಾಲ ಕತ್ತರಿಸಿದ್ದಾರೆಂದು ಅವರಿಗೂ ಗೊತ್ತಿಲ್ಲ, ಬೈಯುವ ಮೇಷ್ಟರಿಗೂ ಗೊತ್ತಿರುವುದಿಲ್ಲ.

ಬಾಲ ಕತ್ತರಿಸಿದರೂ ಅವ್ವನ ಹೆಸರು ಉಳಿಯಿತಲ್ಲ ಎಂದು ಅನಿಸಿದವರು ಇನ್ನೊಂದು ಉಪಾಯ ಕಂಡುಕೊಂಡರು: ಒಂದು ತಲೆಮಾರು ಮೇಲಕ್ಕೆ ಏರಿಸುವುದು. ‘ಇದರಜ್ಜಿ’, ‘ಅವನಜ್ಜಿ’, ‘ಥೂ ನಿಮ್ಮಜ್ಜಿ’. ಅಜ್ಜಿಗೆ ವಯಸ್ಸಾಗಿದೆ, ಆಕೆಯ ಬಗ್ಗೆ ಕೆಟ್ಟ ಕಲ್ಪನೆ ಸುಲಭಕ್ಕೆ ಮೂಡುವುದಿಲ್ಲ. ಕೇಳಿದವರಿಗೆ ಸಿಟ್ಟಿನ ಬದಲು ನಗೆ ಬರುತ್ತದೆ. ಕನ್ನಡದ ಹಗುರ ಬೈಗುಳಗಳಲ್ಲಿ ನನಗೆ ಬಹಳ ಇಷ್ಟವಾದ ಕುಶಲತೆ ಇದು. ಜಗತ್ತಿನ ಬೇರೆ ಭಾಷೆಗಳಲ್ಲಿ ಸಾಮಾನ್ಯವಾಗಿ ಸದ್ದನ್ನು ಬದಲಿಸಿ ಹಗುರಾಗಿಸುತ್ತಾರೆ. ಸ್ಪ್ಯಾನಿಷ್ ಮಾತಾಡುವವರು ಮಲಕ್ಕೆ ಹೇಳುವ ಒರಟು ಪದ ಬಾಯಿಗೆ ಬರುವಷ್ಟರಲ್ಲಿ ದಾರಿ ತಿರುಗಿಸಿ ‘ಮಿಯೆರ್ಕೋಲೆಸ್’ ಎನ್ನುತ್ತಾರೆ. ಅದರ ಅರ್ಥ ಬುಧವಾರ. ಚರ್ಚಿನ ಪವಿತ್ರ ರೊಟ್ಟಿಯ ಹೆಸರಾದ ‘ಓಸ್ತಿಯಾ’ ಅಲ್ಲಿ ಒಂದು ಬಿರುಸು ಬೈಗುಳ. ಅದನ್ನು ಹಗುರ ಮಾಡಲು ‘ಓಸ್ತ್ರಾಸ್’ ಎನ್ನುತ್ತಾರೆ, ಅಂದರೆ ಸಮುದ್ರದ ಸಿಂಪಿಗಳು. ಸೈತಾನನಿಗೆ ಹೇಳುವ ‘ದಿಯಾಬ್ಲೋ’ ಬದಲು ‘ದಿಯಾಂತ್ರೆ’. ಮೊದಲೆರಡು ಅಕ್ಷರ ಒಂದೇ, ಆಮೇಲೆ ಬೇರೆ ದಾರಿ. ಕನ್ನಡ ಹೀಗೆ ಸದ್ದಿನಲ್ಲಿ ಜಾರುವುದಿಲ್ಲ, ನೆಂಟಸ್ತಿಕೆಯಲ್ಲಿ ಜಾರುತ್ತದೆ.

ಇನ್ನೂ ಒಂದು ತೆರನ ಮೊಟಕು ಇದೆ. ‘ಮಗ’ ಎಂಬ ಒಳ್ಳೆಯ ಪದ ಎಷ್ಟು ಬೈಗುಳಗಳ ಕೊನೆಯಲ್ಲಿ ಸವೆದಿದೆಯೆಂದರೆ, ಈಗ ಮುಂದಿನ ಭಾಗವನ್ನು ಬಿಟ್ಟು ‘ಲೇ ಮಗನೇ’ ಎಂದರೂ ಸಾಕು. ‘ನನ್ಮಗಂದು’ ಎಂದರೆ ನನ್ನ ಮಗನದು. ‘ಏನ್ ನನ್ಮಗಂದ್ ಬಿಸಿಲಪ್ಪಾ!’ ಎಂದಾಗ ಬಿಸಿಲಿಗೆ ತಂದೆ ಯಾರೆಂದು ಯಾರೂ ಕೇಳುವುದಿಲ್ಲ. ಬಿಸಿಲು ಬಹಳ ಎಂದಷ್ಟೇ ಅದರ ಅರ್ಥ. ಬೈಗುಳ ಇಲ್ಲಿ ವಿಶೇಷಣವಾಗಿ ಇಳಿದಿದೆ.

ಮಾತು ಹಗುರಾದರೆ ಅದರ ಗುಣವೂ ಹೋಗುತ್ತದೆಯೆ? ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಸಂಗಡಿಗರು 2009ರಲ್ಲಿ ಜನರ ಕೈಯನ್ನು ಹಿಮದಂಥ ನೀರಿನಲ್ಲಿ ಅದ್ದಿಸಿ ನೋಡಿದರು. ಬೈಗುಳ ಹೇಳುತ್ತ ಕೈಯಿಟ್ಟವರು ಹೆಚ್ಚು ಹೊತ್ತು ತಡೆದುಕೊಂಡರು. 2020ರಲ್ಲಿ ಅವರು ಬೈಗುಳದಂತೆ ಕೇಳುವ, ಆದರೆ ಹೊಸದಾಗಿ ಹೊಸೆದ ಪದಗಳನ್ನು ಕೊಟ್ಟು ನೋಡಿದಾಗ ಆ ಪದಗಳಿಂದ ನೋವು ತಡೆಯುವ ಶಕ್ತಿಯೇನೂ ಹೆಚ್ಚಲಿಲ್ಲ. ‘ಇದರಜ್ಜಿ’ಯನ್ನು ಯಾರೂ ಪ್ರಯೋಗಶಾಲೆಯಲ್ಲಿ ಹೊಸೆದದ್ದಲ್ಲ. ಸುತ್ತಿಗೆ ಬೆರಳಿಗೆ ಬಿದ್ದಾಗ ಅದು ಕೆಲಸ ಮಾಡುತ್ತದೆಂದು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ, ಹಿಮದ ನೀರಿನ ಬಗ್ಗೆ ಹೇಳಲಾರೆ.

ಮುಂಡೇದು

ಈ ಪದಕ್ಕೆ ಪ್ರತ್ಯೇಕ ಜಾಗ ಬೇಕು. ‘ಮುಂಡೆ’ ಎಂದರೆ ತಲೆ ಬೋಳಿಸಿಕೊಂಡವಳು, ವಿಧವೆ. ಸಂಸ್ಕೃತದ ‘ಮುಂಡ’ದಿಂದ ಬಂದದ್ದು. ‘ಬೋಳಿ’ ಅದರ ಕನ್ನಡ ರೂಪ. ವಿಧವೆಯರ ತಲೆ ಬೋಳಿಸುವ ಪದ್ಧತಿ ಮುಖ್ಯವಾಗಿ ಬ್ರಾಹ್ಮಣ ಮನೆಗಳದು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ (1976), ಅದನ್ನು ಆಧರಿಸಿ ಪ್ರೇಮಾ ಕಾರಂತರು ಮಾಡಿದ ಸಿನಿಮಾ (1983) ಆ ಬದುಕನ್ನೇ ಕುರಿತವು. ಹೊಳಲ್ಕೆರೆ ಸೀಮೆಯ ಹಲವು ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಕೂಡಿಕೆ, ಸೀರುಡಿಕೆ ಎಂಬ ಮರುಮದುವೆ ರೂಢಿಯಲ್ಲಿತ್ತು. ಹಾಗಿದ್ದೂ ಬೈಗುಳ ಮಾತ್ರ ಎಲ್ಲ ಕೇರಿಗಳಿಗೂ ಹಬ್ಬಿತು. ಪದ್ಧತಿ ಹೋಗದ ಕಡೆಗೂ ಅದರ ಅವಮಾನ ಹೋಗಬಲ್ಲದು.

‘ಮುಂಡೆ’ ಎಂದು ಒಬ್ಬ ಹೆಂಗಸಿಗೆ ಹೇಳಿದರೆ ಅದು ಹಗು‍ರವಲ್ಲ, ಜಗಳಕ್ಕೆ ಸಾಕು. ಅದಕ್ಕೆ ‘ದು’ ಎಂಬ ನಪುಂಸಕ ಪ್ರತ್ಯಯ ಸೇರಿದ್ದೇ ತಡ, ಹಲ್ಲು ಕಿತ್ತ ಹಾವು. ‘ಪಾಪ, ಮುಂಡೇದು ಬೆಳಗ್ಗಿಂದ ಏನೂ ತಿಂದಿಲ್ಲ’ ಎಂದು ತಾಯಿ ಮಗನ ಬಗ್ಗೆ ಹೇಳುತ್ತಾಳೆ. ಕರುವಿಗೂ ಹೇಳುತ್ತಾರೆ, ಮೂಲೆ ಸೇರಿದ ಹಳೇ ರೇಡಿಯೋಗೂ ಹೇಳುತ್ತಾರೆ. ‘ಹಾಳಾದ್ದು’, ‘ದರಿದ್ರದ್ದು’, ‘ಕತ್ತೇದು’ ಎಲ್ಲ ಕಡೆಯೂ ಇದೇ ‘ದು’. ಕನ್ನಡದಲ್ಲಿ ಮಕ್ಕಳನ್ನು ‘ಅದು’ ಎನ್ನುವ ರೂಢಿ ಇದೆ. ದೊಡ್ಡವರನ್ನು ಬೈಯುವಾಗ ‘ಅದು’ ಎಂದರೆ ಅವರನ್ನು ಮಗುವಿನ ಸಾಲಿಗೆ ಇಳಿಸಿದ ಹಾಗೆ. ಅವಮಾನವೂ ಹೌದು, ಕನಿಕರವೂ ಹೌದು. ಈ ಮಾತನ್ನು ಬಹಳ ಆಡುವವರು ಹೆಂಗಸರೇ, ಅದರಲ್ಲೂ ವಯಸ್ಸಾದವರು, ಕೆಲವೊಮ್ಮೆ ಸ್ವತಃ ವಿಧವೆಯರು. ಅವರಿಗೆ ಅದರ ಬೇರು ಗೊತ್ತಿಲ್ಲವೆಂದಲ್ಲ. ನೂರು ಸಲ ತಿಂದ ಮಾತನ್ನು ಅವರು ಹೀಗೆ ಬೇರೆಯವರಿಗೆ ಹಂಚಿ ಸವೆಸಿದ್ದಾರೆ ಎಂದು ನನ್ನ ಊಹೆ.

ಪ್ರಾಣಿಗಳು, ತಿರುಕ

ಕತ್ತೆ, ಕೋಣ, ಎಮ್ಮೆ, ಮಂಗ, ಗೂಬೆ: ಶಾಲೆಯ ಬೈಗುಳಗಳು. ಇವುಗಳಲ್ಲಿ ಬಣ್ಣಿಸುವಂಥದ್ದು ಕಡಿಮೆ. ಕೆಲಸ ಮಾಡಿದರೂ ಮರ್ಯಾದೆ ಸಿಗದ ಪ್ರಾಣಿಗಳೇ ಬೈಗುಳಕ್ಕೆ ಒದಗಿವೆ. ಎತ್ತಿನ ಹೆಸರು ಹಾಗೆ ಬಳಕೆಯಾಗುವುದು ಅಪರೂಪ, ಬಸವಣ್ಣನಲ್ಲವೆ. ಕುಮಾರವ್ಯಾಸನ ವೀರರು ಒಬ್ಬರನ್ನೊಬ್ಬರು ‘ಕುನ್ನಿ’ ಎಂದು ಕರೆದು ‘ಫಡ’ ಎಂದು ಅಬ್ಬರಿಸುತ್ತಿದ್ದರು. ‘ಫಡ’ ಬಯಲಾಟದ ರಂಗದ ಮೇಲಷ್ಟೇ ಉಳಿದಿದೆ, ‘ಕುನ್ನಿ’ ನಾಯಿಮರಿಗೆ ಮರಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡಬಾರದೆಂದ ಮೇಲೆ ಮೇಷ್ಟರುಗಳ ಕತ್ತೆ, ಕೋಣಗಳೂ ಕಡಿಮೆಯಾಗಿವೆ. ಕುಂಟ, ಕುರುಡ, ಮೂಗ ಎಂದು ಅಂಗವೈಕಲ್ಯವನ್ನು ಎತ್ತಿ ಹೇಳುವ ಮಾತು ಹಿಂದಿನವರಿಗೆ ಹಗುರವಾಗಿತ್ತು. ಸಾರ್ವಜನಿಕವಾಗಿ ಹಾಗೆ ಅವಮಾನಿಸಿದರೆ ಈಗ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಶಿಕ್ಷೆಯಿದೆ. ಆಗಬೇಕಾದದ್ದೇ.

ಒಂದು ಬೈಗುಳ ಮಾತ್ರ ಈ ತಾಲ್ಲೂಕಿನಲ್ಲಿ ಮರ್ಯಾದೆಯ ಹೆಸರಾಗಿದೆ. ‘ತಿರುಕ’ ಎಂದರೆ ತಿರಿದು ತಿನ್ನುವವನು, ಭಿಕ್ಷುಕ. ‘ತಿರುಕನ ಕನಸು’ ಎಂದು ಹಂಗಿಸುವುದು ಎಲ್ಲರಿಗೂ ಗೊತ್ತು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ಆಶ್ರಮಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿದವರು. ಬರೆಯುವಾಗ ‘ತಿರುಕ’ ಎಂಬ ಹೆಸರನ್ನೇ ಇಟ್ಟುಕೊಂಡರು. ಯೋಗ, ವ್ಯಾಯಾಮ, ಆಯುರ್ವೇದಕ್ಕೆ ಹೆಸರಾದ ಆ ಆಶ್ರಮದ ಆಸುಪಾಸಿನಲ್ಲಿ ‘ತಿರುಕ’ ಎಂದು ಬೈದರೆ ಬೈಸಿಕೊಂಡವನಿಗೆ ಸಿಟ್ಟು ಬರುವುದು ಕಷ್ಟ.

ಮಂಗಳಾರತಿ

ಸ್ಪೇನಿನಲ್ಲಿ ಪೂಜೆಯ ಸಾಮಾನು ಬೈಗುಳವಾಗುತ್ತದೆ. ಕೆನಡಾದ ಕ್ಯೂಬೆಕ್ಕಿನ ಫ್ರೆಂಚರಲ್ಲಿ ಗರ್ಭಗುಡಿಯ ಪೆಟ್ಟಿಗೆ, ಬಟ್ಟಲುಗಳೆಲ್ಲ ಬೈಗುಳವೇ. ಚರ್ಚಿನ ಹಿಡಿತ ಗಟ್ಟಿಯಾಗಿದ್ದ ಕಡೆ ಅದನ್ನು ಮೈಲಿಗೆ ಮಾಡುವುದರಲ್ಲೇ ಬೈಗುಳದ ಬಿಸಿ. ಇಲ್ಲಿ ಹಾಗಿಲ್ಲ. ಇಲ್ಲಿ ಪೂಜೆಯ ಮಾತು ಬೈಗುಳದೊಳಗೆ ಬರುವುದಿಲ್ಲ, ಬೈಯುವ ಕೆಲಸಕ್ಕೇ ಹೆಸರಾಗುತ್ತದೆ. ‘ಸಾಹೇಬರು ಮಂಗಳಾರತಿ ಎತ್ತಿದರು’, ‘ಮನೆಗೆ ಹೋದ ಕೂಡಲೇ ಅಷ್ಟೋತ್ತರ’, ‘ಸಹಸ್ರನಾಮ ಮುಗಿಯಿತಾ?’, ‘ಚೆನ್ನಾಗಿ ಪೂಜೆ ಆಯ್ತು’. ಬೈಸಿಕೊಂಡವನೇ ಈ ಮಾತು ಹೇಳುವುದು. ಹಾಗೆ ಹೇಳಿದಾಗ ಅವನು ದೇವರ ಜಾಗದಲ್ಲಿ ಕೂತು ನಾಮಾವಳಿ ಕೇಳಿದವನಾಗುತ್ತಾನೆ. ಹೊಳಲ್ಕೆರೆಯ ಬಯಲು ಗಣಪತಿಯ ಹಾಗೆ, ಬಂದದ್ದನ್ನೆಲ್ಲ ಸುಮ್ಮನೆ ಕೇಳಿಸಿಕೊಂಡವನು.

ದೇವರನ್ನೇ ಬೈಯುವ ಹೊತ್ತೂ ಇದೆ, ಆದರೆ ಅದು ಬೇಸರದ ಬೈಗುಳವಲ್ಲ, ಆಚರಣೆ. ಮಾರಿ ಹಬ್ಬಗಳಲ್ಲಿ ದೇವಿಯ ಹಾಡುಗಾರರಾದ ಆಸಾದಿಗಳು ಆಕೆಯನ್ನು ಎದುರಿಗೇ ಬೈದು ಹಾಡುವ ಪದ್ಧತಿ ಚಿತ್ರದುರ್ಗ, ಬಳ್ಳಾರಿ ಕಡೆಯದು. ಕಾಮನ ಹಬ್ಬದಲ್ಲಿ ಹುಡುಗರು ಸೌದೆ ಕದ್ದು, ಬಾಯಿಗೆ ಕೈ ಬಡಿದುಕೊಂಡು ‘ಲಬೋ ಲಬೋ’ ಎಂದು ಊರೆಲ್ಲ ತಿರುಗುವಾಗ ಉಳಿದ ದಿನ ಆಡಬಾರದ್ದನ್ನು ಆಡಬಹುದು. ಮಾರನೇ ದಿನ ಅದೇ ಮಾತಿಗೆ ಕೆನ್ನೆಗೆ ಬೀಳುತ್ತದೆ.

ಬೀದಿಯಲ್ಲಿ ನಿಂತು

ಕೋಳಿ ಕಳೆದುಹೋಯಿತು, ಬೇಲಿ ಮುರಿಯಿತು, ಬಳ್ಳಿಯಲ್ಲಿದ್ದ ಕುಂಬಳಕಾಯಿ ಮಾಯವಾಯಿತು. ಕದ್ದವರು ಯಾರೆಂದು ಗೊತ್ತಿದೆ, ಹೆಸರು ಹೇಳುವಂತಿಲ್ಲ. ಆಗ ಮನೆಯ ಹಿರಿಯ ಹೆಂಗಸು ಬೀದಿಗೆ ಬಂದು, ಕೈಯಲ್ಲಿ ಮಣ್ಣು ಹಿಡಿದು ತೂರಿ, ಲಟಿಕೆ ಮುರಿದು ಬೈಯುತ್ತಾಳೆ. ‘ಹಿಡಿಶಾಪ’ ಎಂಬ ಮಾತು ಅಂಥ ಹಿಡಿಮಣ್ಣನ್ನು ನೆನಪಿಗೆ ತರುತ್ತದೆ. ‘ನನ್ ಕೋಳಿ ತಿಂದೋರ ಹೊಟ್ಟೆ ಸೇದಿ ಹೋಗ’, ‘ಅವರ ಒಲೇಲಿ ಬೆಕ್ಕು ಮಲಗ’. ಒಲೆಯಲ್ಲಿ ಬೆಕ್ಕು ಮಲಗುವುದೆಂದರೆ ಆ ಮನೆಯಲ್ಲಿ ಬೆಂಕಿ ಹಚ್ಚಿಲ್ಲ ಎಂದು. ಮತ್ತೆ ಅದೇ ದೀಪ ಆರಿದ ಮನೆ. ಸುತ್ತ ಹತ್ತು ಮನೆಯವರು ಕೇಳಿಸಿಕೊಳ್ಳುತ್ತಾರೆ, ಒಬ್ಬರೂ ಹೊರಗೆ ಬರುವುದಿಲ್ಲ. ಹೊರಗೆ ಬಂದು ‘ಯಾರಿಗೆ ಬೈತೀಯವ್ವ?’ ಎಂದು ಕೇಳಿದವನೇ ಕಳ್ಳ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಕಳೆದ ಹುಂಜಕ್ಕಾಗಿ ಊರೆಲ್ಲ ಅಲೆಯುವುದನ್ನು ಓದಿದವರಿಗೆ ಈ ದೃಶ್ಯ ಹೊಸದಲ್ಲ.

ಹೆಸರಿಲ್ಲದ ಅಪರಾಧಿಗೆ ಮುಂಚಿತವಾಗಿಯೇ ಶಾಪ ಹಾಕುವ ಈ ವಿದ್ಯೆ ಹೆಂಗಸರದು ಮಾತ್ರವಲ್ಲ. ಕನ್ನಡ ಶಾಸನಗಳ ಕೊನೆಯಲ್ಲಿ ಇರುವುದೂ ಇದೇ. ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುವನು ಎಂದು ನೂರಾರು ಕಲ್ಲುಗಳು ಹೇಳುತ್ತವೆ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೂ ದಾನ ಅಳಿಸಿದವರಿಗೆ ಮಹಾಪಾತಕವನ್ನು ಹೊರಿಸುತ್ತದೆ. ಕನ್ನಡದ ಬರಹದ ಮೊದಲ ಹೆಜ್ಜೆಗಳಲ್ಲೇ ಒಂದು ಶಾಪ ಇದೆ ಎಂದಾಯಿತು. ಕಲ್ಲಿಗೆ ಹತ್ತಿದ ಶಾಪ ಪುರಾತತ್ವ. ಬೀದಿಯದು ಗಾಳಿಗೆ ಹೋಯಿತು.

ಅವಾಚ್ಯ

ಹಗುರ, ಬಿರುಸು ಎಂಬ ಭೇದ ಪೊಲೀಸ್ ಠಾಣೆಯ ಕಾಗದದಲ್ಲಿ ಇಲ್ಲ. ಅಲ್ಲಿ ಎಲ್ಲವೂ ‘ಅವಾಚ್ಯ ಶಬ್ದಗಳಿಂದ ಬೈದು’. ನಿಜವಾಗಿ ಆಡಿದ್ದು ‘ಬೇವರ್ಸಿ’ಯೋ ಇನ್ನೇನೋ ಎಂಬುದು ದಫ್ತರಿನ ಈ ಭಾಷೆಯಿಂದ ತಿಳಿಯುವುದಿಲ್ಲ. ಭಾರತ ದಂಡ ಸಂಹಿತೆಯ 504 ಮತ್ತು 294ನೇ ಕಲಮುಗಳು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 352 ಮತ್ತು 296, ಇಂಥ ಮಾತಿಗೆ ಸಂಬಂಧಿಸಿದವು. ಜಾತಿಯ ಹೆಸರು ಹಿಡಿದು ಬೈಯುವುದು ಬೇರೆಯೇ ವಿಷಯ. ಒಂದು ಕಾಲಕ್ಕೆ ಮೇಲುಕೇರಿಯವರು ಅದನ್ನು ಹಗುರ ಮಾತೆಂದೇ ತಿಳಿದಿದ್ದರು, ಪರಿಶಿಷ್ಟ ಜಾತಿಗಳ ಹೆಸರುಗಳನ್ನು ಪೆದ್ದ, ಕೊಳಕ ಎಂಬ ಅರ್ಥದಲ್ಲಿ ಎಗ್ಗಿಲ್ಲದೆ ಆಡುತ್ತಿದ್ದರು. ಹಗುರ ಎಂಬುದು ಆಡುವವರ ತೂಕ, ಕೇಳುವವರದಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ಆ ತಕ್ಕಡಿಯನ್ನು ಕೇಳುವವರ ಕೈಗೆ ಕೊಟ್ಟಿತು.

ಈಚೆಗೆ ಕಾಲೇಜಿನ ಬಸ್ಸಿನಲ್ಲಿ ಕೇಳಿಬರುವುದು ‘ಶಿಟ್’. ಚಿತ್ರದುರ್ಗಕ್ಕೆ ಹೋಗುವ ಹುಡುಗ ಹುಡುಗಿಯರು ಮೊಬೈಲ್ ಚಾರ್ಜು ಮುಗಿದರೆ, ಹಾಜರಿ ಕಡಿಮೆಯಾದರೆ, ಮಳೆ ಬಂದರೆ ಅನ್ನುವ ಮಾತು. ಅದರ ಕನ್ನಡ ಪದವನ್ನು ಇದೇ ಮಕ್ಕಳು ಮನೆಯಲ್ಲಿ ದನದ ಕೊಟ್ಟಿಗೆಗೆ ಸಂಬಂಧಿಸಿ ಕೂಡ ಆಡುವುದಿಲ್ಲ, ‘ಸಗಣಿ’ ಎನ್ನುತ್ತಾರೆ. ಸ್ಪ್ಯಾನಿಷ್ ಹುಡುಗ ಅದೇ ವಸ್ತುವಿನಿಂದ ತಪ್ಪಿಸಿಕೊಳ್ಳಲು ಬುಧವಾರಕ್ಕೆ ಓಡುತ್ತಾನೆ, ಹೊಳಲ್ಕೆರೆಯ ಹುಡುಗ ಇಂಗ್ಲಿಷಿಗೆ. ಮನೆಯಲ್ಲಿ ಅಜ್ಜಿಯ ಎದುರು ‘ಶಿಟ್’ ಅಂದರೆ ಆಕೆ ತಲೆ ಎತ್ತುವುದಿಲ್ಲ; ‘ಇದರಜ್ಜಿ’ ಅಂದರೆ ಮಾತ್ರ ‘ಏನೋ ಅದು?’ ಎಂದು ಕೇಳುತ್ತಾಳೆ.